ಮೀಟರಿಗೆ ಸಾಕ್ಷಿ ಯಾರು: ಕರೆಂಟ್ ಬಿಲ್ಲಿನ ತಕರಾರಿನ ಚರಿತ್ರೆ

ಮೀಟರಿನ ಲೆಕ್ಕದ ಮೇಲಿನ ತಕರಾರು ವಿದ್ಯುತ್ ದೀಪಕ್ಕಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಮನೆಗಳಿಗೆ ಕೊಳವೆಯಲ್ಲಿ ಗ್ಯಾಸ್ ಬರತೊಡಗಿದಾಗಲೇ ಅದು ಹುಟ್ಟಿತ್ತು. ಅಕ್ಕಿ, ಬೇಳೆ ಕೊಳ್ಳುವವರು ತಕ್ಕಡಿಯ ಮುಳ್ಳನ್ನು ಕಣ್ಣಾರೆ ನೋಡಬಹುದು, ಅನುಮಾನ ಬಂದರೆ ಮನೆಯಲ್ಲಿ ಮತ್ತೊಮ್ಮೆ ತೂಗಬಹುದು. ಉರಿದುಹೋದ ಗ್ಯಾಸನ್ನು ಮತ್ತೆ ಅಳೆಯುವ ದಾರಿಯಿಲ್ಲ. ಮಾರುವ ಕಂಪನಿಯೇ ತಂದು ಕೂರಿಸಿದ ಪೆಟ್ಟಿಗೆ ಏನು ಹೇಳುತ್ತದೋ ಅದೇ ಲೆಕ್ಕ. ಈ ಅಸಮಾನತೆಯನ್ನು ಸರಿಪಡಿಸಲು ಬ್ರಿಟಿಷ್ ಸಂಸತ್ತು 1859ರಲ್ಲಿ ಗ್ಯಾಸ್ ಮಾರಾಟದ ಕಾಯಿದೆ ತಂದಿತು. ಸರ್ಕಾರದ ಪರೀಕ್ಷಕರು ನೋಡಿ ಮುದ್ರೆ ಒತ್ತಿದ ಮೀಟರಿಗೆ ಮಾತ್ರ ಮಾನ್ಯತೆ ಸಿಕ್ಕಿತು. ಮೀಟರ್ ಕಂಪನಿಗೆ ಲಾಭವಾಗುವಂತೆ ತಪ್ಪು ತೋರಿಸಿದರೆ ನೂರಕ್ಕೆ 2ರವರೆಗೆ ಮಾತ್ರ ವಿನಾಯಿತಿ, ಗ್ರಾಹಕನಿಗೆ ಲಾಭವಾಗುವಂತೆ ತಪ್ಪಿದರೆ ನೂರಕ್ಕೆ 3ರವರೆಗೆ. ಇಬ್ಬರಲ್ಲಿ ದುರ್ಬಲರು ಯಾರೆಂಬುದು ಕಾಯಿದೆ ಬರೆದವರಿಗೆ ಚೆನ್ನಾಗಿ ತಿಳಿದಿತ್ತು ಎನ್ನಲು ಆ ಒಂದು ಅಂಕಿಯ ವ್ಯತ್ಯಾಸವೇ ಸಾಕು.

ವಿದ್ಯುತ್ತಿನ ಮೊದಲ ಮೀಟರುಗಳು ಗ್ಯಾಸಿನವುಗಳಿಗಿಂತಲೂ ನಿಗೂಢವಾಗಿದ್ದವು. 1882ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ವಿದ್ಯುತ್ ಕೇಂದ್ರ ತೆರೆದ ಎಡಿಸನ್ ಬಳಸಿದ್ದು ರಾಸಾಯನಿಕ ಮೀಟರನ್ನು. ಸತುವಿನ ಸಲ್ಫೇಟ್ ದ್ರಾವಣ ತುಂಬಿದ ಗಾಜಿನ ಜಾಡಿಯಲ್ಲಿ ಸತುವಿನ ತಗಡುಗಳು ಮುಳುಗಿರುತ್ತಿದ್ದವು. ಮನೆಗೆ ಹರಿಯುವ ಕರೆಂಟಿನ ಸಣ್ಣ ಪಾಲು ಅದರ ಮೂಲಕ ಹಾದಾಗ ಒಂದು ತಗಡಿನ ಸತು ಕರಗಿ ಇನ್ನೊಂದರ ಮೇಲೆ ಕೂರುತ್ತಿತ್ತು. ತಿಂಗಳಿಗೊಮ್ಮೆ ಕಂಪನಿಯ ಆಳು ಬಂದು ತಗಡುಗಳನ್ನು ಬಿಚ್ಚಿ ಒಯ್ಯುತ್ತಿದ್ದ, ಅವುಗಳನ್ನು ತೂಗಿ ಬಿಲ್ಲು ಬರೆಯಲಾಗುತ್ತಿತ್ತು. ಮನೆಯವರಿಗೆ ಓದಲು ಅಂಕಿಯಿಲ್ಲ, ತೂಗಿ ನೋಡಲು ತಗಡೂ ಇಲ್ಲ. ಹಂಗೇರಿಯ ಎಂಜಿನಿಯರ್ ಓಟ್ಟೊ ಬ್ಲಾಥಿ 1889ರಲ್ಲಿ ರೂಪಿಸಿದ ಇಂಡಕ್ಷನ್ ಮೀಟರಿನ ಬಗೆಯವು ಬಂದ ಮೇಲೆಯೇ ಗ್ರಾಹಕನಿಗೆ ಕಣ್ಣಿಗೆ ಕಾಣುವ ಏನಾದರೊಂದು ಸಿಕ್ಕಿದ್ದು: ಗಾಜಿನ ಹಿಂದೆ ತಿರುಗುವ ಅಲ್ಯೂಮಿನಿಯಂ ಬಿಲ್ಲೆ, ಅದರ ಮೇಲೆ ಉರುಳುವ ಅಂಕಿಗಳು.

ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ತಿನ ಮೊದಲ ಗಿರಾಕಿ ಮನೆಯಲ್ಲ, ಗಣಿ. 1902ರ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರದ ತಂತಿಯಲ್ಲಿ ಕರೆಂಟು ಹರಿಯಿತು. ಅಲ್ಲಿ ಮಾರಾಟ ವರ್ಷಕ್ಕೆ ಇಷ್ಟು ಅಶ್ವಶಕ್ತಿ ಎಂಬ ಕರಾರಿನದು. ಸರ್ಕಾರ ಮತ್ತು ದೊಡ್ಡ ಕಂಪನಿ ಎದುರುಬದುರು ಕೂತು ಮಾಡಿಕೊಂಡ ಒಪ್ಪಂದದಲ್ಲಿ ಎರಡೂ ಕಡೆ ಎಂಜಿನಿಯರುಗಳಿದ್ದರು. 1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ವಿದ್ಯುತ್ ದೀಪ ಹೊತ್ತಿಕೊಂಡಿತು. ಅಲ್ಲಿಂದ ಮುಂದೆ ಒಂದೊಂದೇ ಮನೆಗೆ ಕರೆಂಟು ಬರುತ್ತ ಹೋದಂತೆ ಆ ಸಮಬಲ ಹೋಯಿತು. ಒಂದು ಕಡೆ ಇಲಾಖೆ, ಇನ್ನೊಂದು ಕಡೆ ನಾಲ್ಕು ಬಲ್ಬುಗಳ ಮನೆ.

ಬ್ರಿಟಿಷ್ ಇಂಡಿಯಾದಲ್ಲಿ 1910ರ ವಿದ್ಯುತ್ ಕಾಯಿದೆ ಈ ಸಂಬಂಧಕ್ಕೆ ನಿಯಮ ಹಾಕಿತು. ಸ್ವಾತಂತ್ರ್ಯಾನಂತರ ದೇಶದ ಬಹುಪಾಲಿಗೆ ಅನ್ವಯವಾಗಿ 2003ರವರೆಗೂ ನಡೆದ ಕಾಯಿದೆ ಅದು. ಬಿಲ್ಲಿನ ತಕರಾರಿನ ಮಟ್ಟಿಗೆ ಅದರ 26ನೆಯ ಸೆಕ್ಷನ್ನೇ ಮುಖ್ಯ. ಮೀಟರ್ ಸರಿಯಿದೆಯೋ ಇಲ್ಲವೋ ಎಂಬ ವಿವಾದ ಎದ್ದರೆ ಅದನ್ನು ತೀರ್ಮಾನಿಸುವ ಅಧಿಕಾರ ಕರೆಂಟು ಮಾರುವವರದೂ ಅಲ್ಲ, ಕೊಳ್ಳುವವರದೂ ಅಲ್ಲ. ಎರಡರಲ್ಲಿ ಯಾವ ಕಡೆಯವರಾದರೂ ಅರ್ಜಿ ಹಾಕಬಹುದು, ತೀರ್ಪು ಸರ್ಕಾರ ನೇಮಿಸಿದ ವಿದ್ಯುತ್ ಪರಿವೀಕ್ಷಕರದು. ಮೀಟರ್ ಕೆಟ್ಟಿತ್ತೆಂದು ಅವರಿಗೆ ಕಂಡರೆ ಬಳಕೆಯನ್ನು ಅವರೇ ಅಂದಾಜು ಮಾಡಬೇಕು, ಆ ಅಂದಾಜು ಆರು ತಿಂಗಳಿಗಿಂತ ಹಿಂದಕ್ಕೆ ಹೋಗುವಂತಿಲ್ಲ. ವಿವಾದವಾಗಲಿ ಮೋಸವಾಗಲಿ ಇಲ್ಲದಿದ್ದರೆ ಮೀಟರಿನ ಅಂಕಿಯೇ ಅಂತಿಮ ಪುರಾವೆ. 1956ರ ನಿಯಮಗಳು ತಪ್ಪಿನ ಮಿತಿಯನ್ನು ಹೆಚ್ಚು ಕಡಿಮೆ ಎರಡೂ ಕಡೆ ನೂರಕ್ಕೆ 3 ಎಂದು ಗೊತ್ತುಮಾಡಿದವು. ಮನೆಯಲ್ಲಿ ಯಾವ ಸ್ವಿಚ್ಚೂ ಹಾಕದಿದ್ದಾಗ ಮೀಟರ್ ಓಡಕೂಡದು ಎಂಬ ನಿಯಮವೂ ಇತ್ತು. ಗ್ರಾಹಕನ ಕೈಗೆ ಕೊಟ್ಟ ಒಳ್ಳೆಯ ಆಯುಧವಿದು. ಅದರ ಸುದ್ದಿ ಗ್ರಾಹಕನಿಗೆ ತಲುಪಲಿಲ್ಲವೆಂಬುದೇ ಮುಂದಿನ ಅರ್ಧ ಶತಮಾನದ ಕಥೆ.

1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ರಾಜ್ಯದ ಹೆಸರು ಬದಲಾದ ಮೇಲೆ ಅದು ಕೆಇಬಿಯಾಯಿತು. ಜನರ ಬಾಯಲ್ಲಿ ಇವತ್ತಿಗೂ ಲೈನ್‌ಮ್ಯಾನ್ ಎಂದರೆ ‘ಕೆಇಬಿಯವರು’. ಪ್ರತಿ ಮನೆಗೂ ಒಂದು ಆರ್‌.ಆರ್. ನಂಬರ್, ತಿಂಗಳಿಗೊಮ್ಮೆ ಬರುವ ಮೀಟರ್ ರೀಡರ್, ಕೌಂಟರಿನ ಮುಂದೆ ಸಾಲು. ಬಿಲ್ಲು ಇದ್ದಕ್ಕಿದ್ದಂತೆ ಏರಿದರೆ ಮೊದಲು ಹೋಗುವುದು ಸೆಕ್ಷನ್ ಆಫೀಸಿಗೆ. ‘ಮೊದಲು ಕಟ್ಟಿಬಿಡಿ, ಆಮೇಲೆ ನೋಡೋಣ’ ಎಂಬ ಮಾತನ್ನು ಅಲ್ಲಿ ಕೇಳದೆ ಬಂದವರು ಕಡಿಮೆ. ಕಟ್ಟದಿದ್ದರೆ ಫ್ಯೂಸ್ ಕಿತ್ತುಕೊಂಡು ಹೋಗುತ್ತಾರೆಂಬ ಭಯ. ಏಳು ದಿನದ ಲಿಖಿತ ನೋಟಿಸ್ ಕೊಡದೆ ಹಾಗೆ ಮಾಡುವಂತಿಲ್ಲವೆಂದು ಅದೇ 1910ರ ಕಾಯಿದೆಯಲ್ಲಿದ್ದರೂ ಮನೆಯಲ್ಲಿ ಕತ್ತಲಾದ ಮೇಲೆ ಕಾಯಿದೆಯ ಪುಸ್ತಕ ತೆರೆಯುವವರು ಯಾರು?

ಹೆಚ್ಚಿನ ಬಿಲ್ಲಿನ ಕಾರಣಗಳು ಅಂದೂ ಇಂದೂ ಬಹುಪಾಲು ಅವೇ. ಮನೆಗೆ ಬೀಗ ಹಾಕಿದ್ದರೆ ರೀಡರ್ ‘ಡೋರ್ ಲಾಕ್’ ಎಂದು ಬರೆದು ಹಿಂದಿನ ಸರಾಸರಿಯ ಮೇಲೆ ಬಿಲ್ಲು ಹಾಕುತ್ತಾನೆ. ಮುಂದೆ ನಿಜವಾದ ರೀಡಿಂಗ್ ಸಿಕ್ಕಾಗ ಹಲವು ತಿಂಗಳ ಬಾಕಿ ಒಟ್ಟಿಗೆ ತಲೆಯ ಮೇಲೆ ಬೀಳುತ್ತದೆ. ಒಂದು ಅಂಕಿ ತಪ್ಪಾಗಿ ಓದಿದರೂ ಸಾಕು, 4271 ಇದ್ದದ್ದು 4771 ಆದರೆ ಐನೂರು ಯೂನಿಟ್ ಸುಮ್ಮಸುಮ್ಮನೆ ಏರಿತು. ವಠಾರಗಳಲ್ಲಿ ಪಕ್ಕದ ಬಾಡಿಗೆ ಮನೆಯ ವೈರು ಈ ಮನೆಯ ಮೀಟರಿಗೆ ಸೇರಿಕೊಂಡಿರುವುದೂ ಉಂಟು. ಇನ್ನು ಬಿಲ್ಲೆಯ ಮೀಟರಿನೊಳಗೆ ಬಿಲ್ಲೆಯ ವೇಗವನ್ನು ಹಿಡಿದಿಡಲೆಂದೇ ಒಂದು ಅಯಸ್ಕಾಂತವಿರುತ್ತದೆ. ಅದು ದುರ್ಬಲವಾದರೆ ಬಿಲ್ಲೆ ಜೋರಾಗಿ ತಿರುಗುತ್ತದೆ, ಬಳಸದ ಕರೆಂಟಿಗೆ ದುಡ್ಡು ತೆರಬೇಕಾಗುತ್ತದೆ. ಇವೆಲ್ಲದರ ಜೊತೆಗೆ ನ್ಯಾಯವಾದ ಕಾರಣವೂ ಇದ್ದೇ ಇರುತ್ತದೆ: 2 ಕಿಲೋವ್ಯಾಟಿನ ಗೀಸರ್ ದಿನಕ್ಕೆ ಒಂದು ಗಂಟೆ ಕಾಯ್ದರೆ ತಿಂಗಳಿಗೆ 60 ಯೂನಿಟ್. ಹೊಸದಾಗಿ ಗೀಸರ್ ಹಾಕಿಸಿದ ಮನೆಗಳು ಆ ಲೆಕ್ಕವನ್ನು ಬಿಲ್ಲು ಬಂದಮೇಲೆಯೇ ಮಾಡುವುದು.

ಇವುಗಳಲ್ಲಿ ಯಾವುದು ನಿಜವೆಂದು ಪತ್ತೆಹಚ್ಚುವ ವಿಧಾನ ಬಿಲ್ಲೆಯ ಮೀಟರಿನ ಮೈಮೇಲೆಯೇ ಇತ್ತು. ಒಂದು ಯೂನಿಟ್ಟಿಗೆ ಬಿಲ್ಲೆ ಎಷ್ಟು ಸುತ್ತು ಹಾಕಬೇಕೆಂಬ ಸಂಖ್ಯೆಯನ್ನು ಮೀಟರಿನ ತಗಡಿನ ಮೇಲೆ ಅಚ್ಚು ಹಾಕಿರುತ್ತಾರೆ. ಅದು 1200 ಎಂದಿದ್ದರೆ, ಬೇರೆಲ್ಲವನ್ನೂ ಆರಿಸಿ 100 ವ್ಯಾಟಿನ ಒಂದು ಬಲ್ಬನ್ನು ಮಾತ್ರ ಉರಿಸಿದಾಗ ಗಂಟೆಗೆ 120 ಸುತ್ತು, ಅಂದರೆ ಅರ್ಧ ನಿಮಿಷಕ್ಕೆ ಒಂದು ಸುತ್ತು ಬರಬೇಕು. ಬಿಲ್ಲೆಯ ಅಂಚಿನ ಕೆಂಪು ಅಥವಾ ಕಪ್ಪು ಗುರುತನ್ನು ನೋಡುತ್ತ ಕೈಗಡಿಯಾರ ಹಿಡಿದು ನಿಂತರೆ ಮೀಟರ್ ಓಡುತ್ತಿದೆಯೋ ನಡೆಯುತ್ತಿದೆಯೋ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಹೈಸ್ಕೂಲಿನ ವಿಜ್ಞಾನ ತರಗತಿಗೆ ಇದಕ್ಕಿಂತ ಉಪಯುಕ್ತ ಪಾಠ ಸಿಗುವುದು ಕಷ್ಟ. ಈ ಲೆಕ್ಕ ಕಚೇರಿಯಲ್ಲಿ ಪುರಾವೆಯಾಗದು. ಮೀಟರ್ ಪರೀಕ್ಷೆಗೆ ಶುಲ್ಕ ಕಟ್ಟಿ ಅರ್ಜಿ ಹಾಕಬೇಕೋ ಬೇಡವೋ ಎಂದು ನಿರ್ಧರಿಸಲು ಮಾತ್ರ ಅದು ಸಾಕು.

ಮಂಡಳಿಗಳು ತಮ್ಮ ಮೀಟರ್ ನಿಧಾನವಾಗಿತ್ತೆಂದು ತಾವೇ ತೀರ್ಮಾನಿಸಿ ಹೆಚ್ಚುವರಿ ಬಿಲ್ಲು ಕಳಿಸುವುದು ದೇಶದೆಲ್ಲೆಡೆ ರೂಢಿಯಾಗಿತ್ತು. ಮಧ್ಯಪ್ರದೇಶದ ವಿದ್ಯುತ್ ಮಂಡಳಿ ಹಾಗೆ ಮಾಡಿದ ಬಸಂತಿಬಾಯಿ ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. 1987ರ ತೀರ್ಪು 26ನೆಯ ಸೆಕ್ಷನ್ನಿಗೆ ಮತ್ತೆ ಜೀವ ಕೊಟ್ಟಿತು: ವಂಚನೆಯ ಆರೋಪವಿಲ್ಲದಿದ್ದರೆ ಮೀಟರಿನ ದೋಷವನ್ನು ತೀರ್ಮಾನಿಸಬೇಕಾದದ್ದು ಪರಿವೀಕ್ಷಕರೇ, ಮಂಡಳಿ ತನಗೆ ತಾನೇ ನ್ಯಾಯಾಧೀಶನಾಗುವಂತಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 1986ರಲ್ಲಿ ಬಂದ ಗ್ರಾಹಕ ರಕ್ಷಣಾ ಕಾಯಿದೆ ವಿದ್ಯುತ್ ಪೂರೈಕೆಯನ್ನೂ ‘ಸೇವೆ’ ಎಂದು ಎಣಿಸಿತ್ತು. ವಕೀಲರಿಲ್ಲದೆಯೂ ಜಿಲ್ಲಾ ವೇದಿಕೆಗೆ ಹೋಗಿ ದೂರು ಕೊಡಬಹುದೆಂಬುದು ಸಣ್ಣ ಬದಲಾವಣೆಯಲ್ಲ. ಕೆಇಬಿಯ ಕೌಂಟರಿನಾಚೆ ಇನ್ನೊಂದು ಬಾಗಿಲು ಇದೆಯೆಂದು ಮನೆಗಳಿಗೆ ತಿಳಿದದ್ದು ಆಗಲೇ.

1999ರ ಸುಧಾರಣೆಯಲ್ಲಿ ಕೆಇಬಿ ಮರೆಯಾಗಿ ಕೆಪಿಟಿಸಿಎಲ್ ಎಂಬ ನಿಗಮ ಬಂತು, ದರ ನಿಗದಿಗೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಬಂತು. 2002ರಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಎಂಬ ವಿತರಣಾ ಕಂಪನಿಗಳು, 2005ರಲ್ಲಿ ಮೈಸೂರಿನ ಸೆಸ್ಕ್ ಹುಟ್ಟಿದವು. ಬಿಲ್ಲೆಯ ಮೀಟರುಗಳನ್ನು ಕಿತ್ತು ಎಲೆಕ್ಟ್ರಾನಿಕ್ ಮೀಟರ್ ಕೂರಿಸುವ ಕೆಲಸ ನಡೆಯಿತು, ಬಾಗಿಲಲ್ಲೇ ಬಿಲ್ಲು ಮುದ್ರಿಸಿಕೊಡುವ ಕೈಯಂತ್ರ ಬಂತು. ಹೊಸ ಮೀಟರ್ ಹಾಕಿದ ತಿಂಗಳೇ ಬಿಲ್ಲು ಏರಿತೆಂಬ ದೂರು ಊರೂರಿನಲ್ಲೂ ಎದ್ದಿತು. ಆ ದೂರಿನಲ್ಲಿ ಹುರುಳಿತ್ತು, ಆದರೆ ಜನ ಊಹಿಸಿದ ಕಾರಣ ಮಾತ್ರ ಯಾವಾಗಲೂ ಸರಿಯಿರಲಿಲ್ಲ. ಇಪ್ಪತ್ತು ಮೂವತ್ತು ವರ್ಷ ತಿರುಗಿದ ಬಿಲ್ಲೆ ಧೂಳು, ಸವೆತದಿಂದ ನಿಧಾನವಾಗುತ್ತದೆ. ಸಣ್ಣ ದೀಪವೊಂದನ್ನೇ ಉರಿಸಿದರೆ ಕೆಲವು ಅಲುಗಾಡುವುದೂ ಇಲ್ಲ. ಹೊಸ ಮೀಟರ್ ಆ ಸಣ್ಣ ಬಳಕೆಯನ್ನೂ ಹಿಡಿಯುತ್ತದೆ. ಹಳೆಯ ಮೀಟರ್ ಕೊಡುತ್ತಿದ್ದ ಗುಪ್ತ ರಿಯಾಯಿತಿ ನಿಂತುಹೋಗಿ ಮೊದಲ ಬಾರಿಗೆ ಪೂರ್ತಿ ಲೆಕ್ಕ ಬಂದದ್ದನ್ನು ಮನೆಗಳು ಮೋಸವೆಂದು ತಿಳಿದವು. ಅದನ್ನು ಮೊದಲೇ ವಿವರಿಸಿ ಹೇಳಬೇಕಾದದ್ದು ಕಂಪನಿಗಳ ಕರ್ತವ್ಯವಾಗಿತ್ತು.

2003ರ ವಿದ್ಯುತ್ ಕಾಯಿದೆ 1910ರದ್ದನ್ನು ತೆಗೆದುಹಾಕಿತು. ಪ್ರತಿ ಕಂಪನಿಯಲ್ಲೂ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ಒಂಬುಡ್ಸ್‌ಮನ್ ಎಂಬ ಎರಡು ಮೆಟ್ಟಿಲು ಕಟ್ಟಿತು. ಮನೆಗಳಿಗೆ ಇದಕ್ಕಿಂತ ಹತ್ತಿರದ್ದು 56ನೆಯ ಸೆಕ್ಷನ್. ನೋಟಿಸಿನ ಅವಧಿ ಹದಿನೈದು ದಿನವಾಯಿತು. ಬಿಲ್ಲನ್ನು ಒಪ್ಪದವರು ಕೇಳಿದ ಪೂರ್ತಿ ಹಣವನ್ನೋ, ಹಿಂದಿನ ಆರು ತಿಂಗಳ ಸರಾಸರಿ ಮೊತ್ತವನ್ನೋ, ಯಾವುದು ಕಡಿಮೆಯೋ ಅದನ್ನು ‘ಆಕ್ಷೇಪಣೆಯೊಡನೆ’ ಕಟ್ಟಿದರೆ ವಿವಾದ ತೀರುವವರೆಗೆ ಕರೆಂಟು ಕಡಿಯುವಂತಿಲ್ಲ. ‘ಮೊದಲು ಕಟ್ಟಿಬಿಡಿ’ ಎಂಬ ಕೌಂಟರಿನ ಹಳೆಯ ಮಾತಿಗೆ ಶಾಸನ ಕೊಟ್ಟ ನೇರ ಉತ್ತರವಿದು. ಅದೇ ಸೆಕ್ಷನ್ನಿನಲ್ಲಿ ಎರಡು ವರ್ಷದ ಕಾಲಮಿತಿಯೂ ಇದೆ. ಕಂಪನಿ ತಾನೇ ತಪ್ಪು ದರ ಹಾಕಿ ವರ್ಷಗಳ ನಂತರ ಬಾಕಿ ಕೇಳಿದ ಅಜ್ಮೀರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಆ ಮಿತಿಯ ಅರ್ಥವನ್ನು ಬಿಡಿಸಿತು: ಬಾಕಿಗಾಗಿ ಹೆಚ್ಚುವರಿ ಬಿಲ್ಲು ಕೊಡಬಹುದು, ಆದರೆ ಮಿತಿ ದಾಟಿದ ಬಾಕಿಗಾಗಿ ಸಂಪರ್ಕ ಕಡಿಯಬಾರದು. ಅನಧಿಕೃತ ಬಳಕೆಯೆಂದು 126ನೆಯ ಸೆಕ್ಷನ್ನಿನಡಿ ಹಾಕಿದ ಬಿಲ್ಲಿನ ದಾರಿಯೇ ಬೇರೆ. ಅಲ್ಲಿ ಗ್ರಾಹಕ ರಕ್ಷಣಾ ಕಾಯಿದೆಯ ವೇದಿಕೆಗೆ ಅಧಿಕಾರವಿಲ್ಲವೆಂದು 2013ರಲ್ಲಿ ಅದೇ ಕೋರ್ಟ್ ಹೇಳಿದೆ.

2023ರ ಜೂನಿನಲ್ಲಿ ಕರ್ನಾಟಕದ ಮನೆಗಳಿಗೆ ಬಂದ ಬಿಲ್ಲು ಈ ಚರಿತ್ರೆಯಲ್ಲಿ ವಿಶಿಷ್ಟ. ಆ ಸಲ ಮೀಟರಿನ ಮೇಲೆ ಅನುಮಾನ ಪಡಲು ಹೆಚ್ಚಿನವರಿಗೆ ಕಾರಣವಿರಲಿಲ್ಲ, ಯೂನಿಟ್ ಸರಿಯಾಗಿಯೇ ಇತ್ತು. ಬದಲಾದದ್ದು ದರದ ಕಟ್ಟಡ. ಮೇ 12ರಂದು ಆಯೋಗ ಹೊರಡಿಸಿದ ಆದೇಶ ಏಪ್ರಿಲ್ 1ರಿಂದಲೇ ಜಾರಿಯೆಂದಿತು, ಹೀಗಾಗಿ ಹಿಂದಿನ ತಿಂಗಳ ಬಾಕಿಯೂ ಇಂಧನ ಹೊಂದಾಣಿಕೆ ಶುಲ್ಕವೂ ಬಿಲ್ಲಿಗೆ ಸೇರಿದವು. ಹಲವು ಹಂತಗಳಿದ್ದ ಸ್ಲ್ಯಾಬ್ ಎರಡಕ್ಕಿಳಿಯಿತು: 100 ಯೂನಿಟ್‌ವರೆಗೆ ಯೂನಿಟ್ಟಿಗೆ 4.75 ರೂಪಾಯಿ, 100 ದಾಟಿದರೆ ಮೊದಲ ಯೂನಿಟ್ಟಿನಿಂದಲೇ 7 ರೂಪಾಯಿ. ನಿಗದಿತ ಶುಲ್ಕ, ತೆರಿಗೆ ಬಿಟ್ಟು ಲೆಕ್ಕ ಹಾಕಿದರೆ 100 ಯೂನಿಟ್ಟಿಗೆ 475 ರೂಪಾಯಿ, 101 ಯೂನಿಟ್ಟಿಗೆ 707. ಒಂದೇ ಒಂದು ಯೂನಿಟ್ಟಿಗೆ 232 ರೂಪಾಯಿ! ಇದನ್ನು ಯಾವ ಪರಿವೀಕ್ಷಕರ ಪರೀಕ್ಷೆಯೂ ಸರಿಪಡಿಸಲಾರದು, ಏಕೆಂದರೆ ಯಾರೂ ಲೆಕ್ಕ ತಪ್ಪಿರಲಿಲ್ಲ. ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆಯ ಕರೆಗೆ ಓಗೊಟ್ಟು ಜೂನ್ 22ರಂದು ಉದ್ಯಮಿಗಳು ಬಂದ್ ಆಚರಿಸಿದರು. ಲೆಕ್ಕವೇ ತಪ್ಪಿದ ಬಿಲ್ಲೂ ಇತ್ತು: ಅದೇ ತಿಂಗಳು ಕೊಪ್ಪಳ ಜಿಲ್ಲೆಯ ಬಡ ವೃದ್ಧೆಯೊಬ್ಬರಿಗೆ ಲಕ್ಷ ರೂಪಾಯಿ ಮೀರಿದ ಬಿಲ್ಲು ಬಂದು ಸುದ್ದಿಯಾಯಿತು. ಅಧಿಕಾರಿಗಳು ಹೋಗಿ ನೋಡಿ ತಪ್ಪನ್ನು ಒಪ್ಪಿದರು, ಹಣ ಕಟ್ಟಬೇಕಿಲ್ಲವೆಂದು ಸಚಿವರೇ ಹೇಳಿದರು. ಸುದ್ದಿಯಾಗದ ಬಿಲ್ಲುಗಳಿಗೆ ಅಷ್ಟು ಬೇಗ ನ್ಯಾಯ ಸಿಗುವುದಿಲ್ಲ. ಎರಡು ಸ್ಲ್ಯಾಬಿನ ಪದ್ಧತಿ ಹೆಚ್ಚು ದಿನ ಬಾಳಲಿಲ್ಲ, 2024ರ ಏಪ್ರಿಲ್‌ನಿಂದ ಮನೆಗಳಿಗೆಲ್ಲ ಒಂದೇ ದರ, 5.90 ರೂಪಾಯಿ ಆಯಿತು.

ಅಷ್ಟರಲ್ಲಿ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದಿತ್ತು. ಆರಂಭದ ನಿಯಮದಂತೆ 2022–23ರ ಸರಾಸರಿ ಬಳಕೆಗೆ ನೂರಕ್ಕೆ ಹತ್ತು ಸೇರಿಸಿ ಸಿಗುವ ಯೂನಿಟ್ ಆ ಮನೆಗೆ ಉಚಿತ, 200 ಮೀರಿದರೆ ಪೂರ್ತಿ ಬಿಲ್ಲು. ಹಳೆಯ ಜಗಳ ಇಲ್ಲಿ ಹೊಸ ಗಡಿಗೆ ಬಂದು ನಿಂತಿತು. 198 ಯೂನಿಟ್ಟೋ 203 ಯೂನಿಟ್ಟೋ ಎಂಬುದು, ರೀಡಿಂಗ್ ತೆಗೆದ ದಿನ ಹಿಂದುಮುಂದಾಯಿತೇ ಎಂಬುದು ಸಾವಿರ ರೂಪಾಯಿ ಮೀರಿದ ಪ್ರಶ್ನೆಯಾಯಿತು. ಆ ವರ್ಷ ಬೀಗ ಹಾಕಿದ್ದ ಮನೆಗಳ ಸರಾಸರಿಯನ್ನು ಹೇಗೆ ಹಿಡಿಯಬೇಕೆಂಬುದೂ ತಕರಾರಿನ ವಿಷಯವಾಯಿತು.

ಕೇಂದ್ರ ಸರ್ಕಾರ 2020ರ ಡಿಸೆಂಬರಿನಲ್ಲಿ ಹೊರಡಿಸಿದ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ ದೂರು ಬಂದ ಮೂವತ್ತು ದಿನದೊಳಗೆ ಮೀಟರ್ ಪರೀಕ್ಷೆಯಾಗಬೇಕು, ಅಂದಾಜಿನ ಬಿಲ್ಲನ್ನು ವರ್ಷಕ್ಕೆ ಎರಡು ಬಾರಿಗಿಂತ ಹೆಚ್ಚು ಕೊಡುವಂತಿಲ್ಲ. 2024ರ ಫೆಬ್ರುವರಿಯ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ರೀಡಿಂಗ್ ಬಳಕೆಗೆ ತಾಳೆಯಾಗುತ್ತಿಲ್ಲವೆಂದು ದೂರಿದರೆ ಐದು ದಿನದೊಳಗೆ ಇನ್ನೊಂದು ಮೀಟರನ್ನು ಪಕ್ಕದಲ್ಲೇ ಕೂರಿಸಿ, ಕನಿಷ್ಠ ಮೂರು ತಿಂಗಳು ಎರಡನ್ನೂ ಒಟ್ಟಿಗೆ ಓಡಿಸಿ ಹೋಲಿಸಬೇಕು. ಲೈನ್‌ಮ್ಯಾನ್‌ಗಳು ಬಹುಕಾಲದಿಂದ ‘ಚೆಕ್ ಮೀಟರ್’ ಎಂದು ಕರೆಯುತ್ತಿದ್ದ ಏರ್ಪಾಡು ಇದೇ. ಈಗ ಅದಕ್ಕೆ ಕಾನೂನಿನ ಗಡುವು ಸೇರಿದೆ. ಎರಡೂ ಮೀಟರುಗಳು ಮನೆಯ ಗೋಡೆಯ ಮೇಲೇ ಇರುವುದರಿಂದ ಅಂಕಿಗಳನ್ನು ಮನೆಯವರೂ ಬರೆದಿಟ್ಟುಕೊಳ್ಳಬಹುದು.

ಕರ್ನಾಟಕದಲ್ಲಿ 2025ರ ಫೆಬ್ರುವರಿಯಿಂದ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿತು. ಅದರ ಬೆಲೆಯ ಮೇಲೆ ಎದ್ದ ವಿವಾದ ಹೈಕೋರ್ಟಿನವರೆಗೂ ಹೋಯಿತು. ಸ್ಮಾರ್ಟ್ ಮೀಟರಿಗೆ ಬಾಗಿಲಿಗೆ ಬರುವ ರೀಡರ್ ಬೇಕಿಲ್ಲ, ‘ಡೋರ್ ಲಾಕ್’ ಸರಾಸರಿಯೂ ಬೇಕಿಲ್ಲ. ದಿನದ ಯಾವ ಹೊತ್ತಿನಲ್ಲಿ ಎಷ್ಟು ಬಳಕೆಯಾಯಿತೆಂಬ ದಾಖಲೆಯೂ ಅದರಲ್ಲಿ ಉಳಿಯುತ್ತದೆ. ಬಿಲ್ಲು ಹೆಚ್ಚಾಯಿತೆನ್ನುವ ಮನೆ ಆ ದಾಖಲೆಯನ್ನು ಕೇಳಿ ಪಡೆದು, ಮನೆಯಲ್ಲಿ ಯಾರೂ ಇರದ ಹೊತ್ತಿನ ಯೂನಿಟ್ಟುಗಳನ್ನು ಮೊದಲು ಎಣಿಸಬೇಕು. ಫ್ರಿಜ್‌ನಂತೆ ಸದಾ ಓಡುವ ಸಾಧನಗಳ ಲೆಕ್ಕ ಕಳೆದ ಮೇಲೂ ಅಲ್ಲಿ ಬಳಕೆ ಕಂಡರೆ ಒಂದೋ ವೈರಿಂಗಿನಲ್ಲಿ ಸೋರಿಕೆಯಿದೆ, ಇಲ್ಲವೇ ಬೇರೆ ಮನೆಯ ಸಂಪರ್ಕ ಸೇರಿಕೊಂಡಿದೆ, ಇಲ್ಲವೇ ಮೀಟರಿನಲ್ಲೇ ದೋಷವಿದೆ. ಮೊದಲ ಎರಡನ್ನು ಎಲೆಕ್ಟ್ರಿಷಿಯನ್ ನೋಡಬಲ್ಲ, ಮೂರನೆಯದಕ್ಕೆ ಚೆಕ್ ಮೀಟರಿನ ಅರ್ಜಿ ಉಪವಿಭಾಗದ ಕಚೇರಿಗೆ ಹೋಗಬೇಕು.