ಕಲ್ಲು ಉಳಿಯಿತು, ಕಟ್ಟಿಗೆ?



ವಿಜಯಪುರ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಗೋಳಗುಮ್ಮಟ. ಅಂದರೆ ಕಲ್ಲು ಮತ್ತು ಗಾರೆ. ಆದರೆ ಆದಿಲಶಾಹಿಗಳ ಕಾಲದಲ್ಲಿ ಕಟ್ಟಿಗೆಯ ಕೆಲಸವೂ ಅಷ್ಟೇ ಘನವಾಗಿತ್ತು. ನಮ್ಮ ಬಯಲು ಸೀಮೆಯಲ್ಲಿ ತೇಗದ ಕಾಡಿಲ್ಲ. ಅಂಥ ದೊಡ್ಡ ಮರ ಹೊರಗಿನಿಂದಲೇ ಬರಬೇಕಿತ್ತು. ಆದ್ದರಿಂದ ಅದಕ್ಕೆ ಬೆಲೆಯೂ ಹೆಚ್ಚು, ಮರ್ಯಾದೆಯೂ ಹೆಚ್ಚು.

ಗಗನ ಮಹಲನ್ನು ನೋಡಿರಿ. ಒಂದನೇ ಅಲಿ ಆದಿಲಶಾಹ 1561ರಲ್ಲಿ ಕಟ್ಟಿಸಿದ್ದು. ಕೆಳಗೆ ದರ್ಬಾರು, ಮೇಲೆ ರಾಜಪರಿವಾರದ ವಾಸ. ಆ ಮೇಲಂತಸ್ತು ಕಟ್ಟಿಗೆಯದು. 1686ರಲ್ಲಿ ಸಿಕಂದರ್ ಆದಿಲಶಾಹ ಔರಂಗಜೇಬನಿಗೆ ಶರಣಾದ ಮೇಲೆ ರಾಜಧಾನಿಯ ಕಳೆ ಹೋಯಿತು. ಇಂದು ಸುಮಾರು 60 ಅಡಿ ಅಗಲದ ಕಲ್ಲಿನ ಕಮಾನು ನಿಂತಿದೆ, ಮೇಲಂತಸ್ತು ಇಲ್ಲ.

ಇನ್ನು ಆಸಾರ್ ಮಹಲಿಗೆ ಬನ್ನಿರಿ. ಮುಹಮ್ಮದ್ ಆದಿಲಶಾಹ ನ್ಯಾಯದಾನಕ್ಕಾಗಿ 1646ರ ಸುಮಾರಿಗೆ ಕಟ್ಟಿಸಿದ ಈ ಮಹಲಿನ ಮುಂಭಾಗವನ್ನು ನಾಲ್ಕು ಎತ್ತರದ ಕಟ್ಟಿಗೆಯ ಕಂಬಗಳು ಹೊತ್ತಿವೆ. ಛತ್ತೂ ಕಟ್ಟಿಗೆಯದೇ. ಮುಂದೆ ಇಲ್ಲಿ ಪ್ರವಾದಿಯವರ (ಸ.ಅ.) ಪವಿತ್ರ ಕೇಶವನ್ನು ಇಡಲಾಯಿತು. ಹೀಗಾಗಿ ಜನರ ಗೌರವ, ಕಾವಲು ತಪ್ಪಲಿಲ್ಲ, ಕಟ್ಟಿಗೆಯೂ ಉಳಿಯಿತು. ಕಲ್ಲು ಅಲಕ್ಷ್ಯವನ್ನು ತಾಳಿಕೊಳ್ಳುತ್ತದೆ, ಕಟ್ಟಿಗೆ ತಾಳದು. ಮಳೆನೀರು, ಗೆದ್ದಲು, ಬೆಂಕಿ ಮೂರೂ ಅದಕ್ಕೆ ವೈರಿಗಳು.

ಮೆಹತರ್ ಮಹಲಿನ ಸಜ್ಜೆಯ ಕೆಳಗಿನ ಕಲ್ಲಿನ ಆಧಾರಗಳನ್ನು ನೀವು ಗಮನಿಸಿದ್ದೀರಾ? ಕಲ್ಲನ್ನು ಕಟ್ಟಿಗೆಯಂತೆಯೇ ಕೊರೆದಿದ್ದಾರೆ. ಬಡಿಗನ ಕೆಲಸ ಕಣ್ಮರೆಯಾದಲ್ಲಿ ಅದರ ನೆನಪನ್ನು ಕಲ್ಲುಕುಟಿಗನೇ ಕಾಯ್ದಿದ್ದಾನೆ.

ಅಮೆರಿಕದ ಡೆಲವೇರ್ ರಾಜ್ಯದಲ್ಲಿ ವಿಂಟರ್‌ಥರ್ ಎಂಬ ವಸ್ತುಸಂಗ್ರಹಾಲಯವಿದೆ. 1951ರಲ್ಲಿ ಸಾರ್ವಜನಿಕರಿಗೆ ತೆರೆದ ಅಲ್ಲಿ ಆ ದೇಶದ ಹಳೆಯ ಕುರ್ಚಿ, ಮೇಜು, ಕಪಾಟುಗಳನ್ನು ಕಾಪಾಡಿದ್ದಾರೆ. ಇಂಥ ಸಾಮಾನನ್ನು ಬಲ್ಲವರು ಮೊದಲು ದುರಸ್ತಿಗೆ ಕೈಹಾಕುವುದಿಲ್ಲ, ಮೊದಲು ಓದುತ್ತಾರೆ. ಮರ ಯಾವುದು? ಜೋಡಣೆ ಹೇಗಿದೆ? ಗರಗಸದ ಗೆರೆ ನೇರವೋ, ಕಮಾನಿನಂತೆ ಬಾಗಿದೆಯೋ? ಬಾಗಿದ ಗೆರೆ ಇದ್ದರೆ ಅದು ಯಂತ್ರದ ದುಂಡು ಗರಗಸದ್ದು. ಆ ಹಲಗೆ ಬಹಳ ಹಳೆಯದಲ್ಲ ಎಂದು ತಿಳಿಯಬಹುದು.

ಈ ಓದು ನನಗೆ ತಡವಾಗಿ ಬಂತು. ತಿಕೋಟಾದ ನಮ್ಮ ದಾದಾ ಅವರ ಮನೆಗೆ ಹೂಬಳ್ಳಿ ಕೆತ್ತಿದ ತಲೆಬಾಗಿಲಿತ್ತು. ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸುವಾಗ ಅದನ್ನು ಹಳೇ ಸಾಮಾನಿನವನಿಗೆ ಕೊಟ್ಟುಬಿಟ್ಟೆವು. ಒಂದು ಫೋಟೋ ಕೂಡ ತೆಗೆಯಲಿಲ್ಲ. ಮಕ್ಕಳಿಗೆ ಇತಿಹಾಸ ಕಲಿಸುವ ನಾನೇ ಮನೆಯ ಇತಿಹಾಸವನ್ನು ತೂಕಕ್ಕೆ ಮಾರಿದ್ದೆ.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ವಿನಂತಿ. ತಿಕೋಟಾ, ಬಬಲೇಶ್ವರ, ವಿಜಯಪುರದ ಯಾವ ಓಣಿಯಲ್ಲೇ ಆಗಲಿ, ಹಳೆಯ ಚೌಕಟ್ಟು, ಕಂಬ, ಪೆಟ್ಟಿಗೆ ನಿಮ್ಮ ಮನೆಯಲ್ಲಿದ್ದರೆ ಮೊದಲು ಫೋಟೋ ತೆಗೆಯಿರಿ. ಯಾರು ಮಾಡಿಸಿದ್ದೆಂದು ಹಿರಿಯರನ್ನು ಕೇಳಿ ಬರೆದಿಡಿರಿ. ಕೆತ್ತನೆಯ ಮೇಲೆ ಎಣ್ಣೆಬಣ್ಣ ಬಳಿಯಬೇಡಿರಿ, ಉಸುಕಿನ ಕಾಗದದಿಂದ ಉಜ್ಜಬೇಡಿರಿ. ಮೃದು ಬ್ರಷ್‌ನಿಂದ ಧೂಳು ತೆಗೆದು, ತೇವದಿಂದ ದೂರವಿಟ್ಟರೆ ಅರ್ಧ ರಕ್ಷಣೆ ಆದಂತೆಯೇ.

ಅರಮನೆಗಳನ್ನು ಕಾಯಲು ಸರ್ಕಾರದ ಇಲಾಖೆ ಇದೆ. ನಿಮ್ಮ ಮನೆಯ ಬಾಗಿಲಿಗೆ ನೀವೇ ಇಲಾಖೆ.