ಬೋಲ್ಡ್ ಪ್ರತಿಕ್ರಿಯೆಯ ಅರೇಖೀಯತೆ

ಮಿದುಳಿನ ಚಟುವಟಿಕೆಯನ್ನು ಚಿತ್ರಿಸುವ ಎಫ್‌ಎಂಆರ್‌ಐ ಪ್ರಯೋಗದಲ್ಲಿ ಪ್ರಚೋದನೆಗಳು ಬೆನ್ನುಬೆನ್ನಿಗೆ ಬಂದಾಗ ಒಟ್ಟು ಸಂಕೇತವು ಬಿಡಿ ಪ್ರತಿಕ್ರಿಯೆಗಳ ಮೊತ್ತಕ್ಕೆ ಸಮನಾಗದಿರುವ ಗುಣ. 1990ರಲ್ಲಿ ಸೈಜಿ ಒಗಾವಾ ಮತ್ತು ಸಂಗಡಿಗರು ವರದಿ ಮಾಡಿದ ಬೋಲ್ಡ್ ಸಂಕೇತ ನರಕೋಶಗಳ ಚಟುವಟಿಕೆಯನ್ನು ನೇರವಾಗಿ ಅಳೆಯುವುದಿಲ್ಲ. ಅದರ ಹಿಂದೆ ಬರುವ ರಕ್ತದ ಆಮ್ಲಜನಕದ ಏರಿಳಿತವನ್ನು ತೋರಿಸುತ್ತದೆ. ಕ್ಷಣಮಾತ್ರದ ಪ್ರಚೋದನೆಗೂ ಸಂಕೇತ ಶಿಖರ ಮುಟ್ಟಲು ಸುಮಾರು 5–6 ಸೆಕೆಂಡು ಹಿಡಿಯುತ್ತದೆ.

ಬಾಯಿಂಟನ್ ಮತ್ತಿತರರು 1996ರಲ್ಲಿ ದೃಷ್ಟಿಕೇಂದ್ರದ ಪ್ರತಿಕ್ರಿಯೆ ಸ್ಥೂಲವಾಗಿ ರೇಖೀಯವೆಂದು ತೋರಿಸಿದರು. ಮರುವರ್ಷ ಡೇಲ್ ಮತ್ತು ಬಕ್ನರ್ 2 ಸೆಕೆಂಡಿನಷ್ಟು ಕಡಿಮೆ ಅಂತರದಲ್ಲೂ ಒಂದರ ಮೇಲೊಂದು ಬಿದ್ದ ಪ್ರತಿಕ್ರಿಯೆಗಳನ್ನು ಬಿಡಿಸಿದರು. ‘ಸ್ಥೂಲವಾಗಿ’ ಎಂಬ ಎಚ್ಚರಿಕೆಯನ್ನು ಬಳಕೆದಾರರು ಬೇಗನೆ ಮರೆತರು. ಅಂತರ ಇನ್ನೂ ಕುಗ್ಗಿದರೆ ಎರಡನೆಯ ಪ್ರತಿಕ್ರಿಯೆ ಕುಂದುತ್ತದೆ, ತಡವೂ ಆಗುತ್ತದೆ. ಇದರಲ್ಲಿ ನರಕೋಶಗಳ ಒಗ್ಗಿಕೊಳ್ಳುವಿಕೆಯ ಪಾಲೆಷ್ಟು, ರಕ್ತನಾಳಗಳ ಹಿಗ್ಗುವಿಕೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಮಿದುಳಿನ ಭಾಗದಿಂದ ಭಾಗಕ್ಕೆ ಈ ಕುಂದಿನ ಪ್ರಮಾಣವೂ ಬದಲಾಗುತ್ತದೆ. ಬಕ್ಸ್‌ಟನ್ ಮತ್ತಿತರರ ಬಲೂನ್ ಮಾದರಿ (1998) ನಾಳಗಳ ಪಾತ್ರವನ್ನು ಸಮೀಕರಣಗಳಲ್ಲಿ ಹಿಡಿದಿಡುತ್ತದೆ.

ಅದೇ ವರ್ಷ ಫ್ರಿಸ್ಟನ್ ಮತ್ತು ಸಂಗಡಿಗರು ವೋಲ್ಟೆರಾ ಸರಣಿಯನ್ನು ಬಳಸಿ, ಹಿಂದಿನ ಪ್ರಚೋದನೆಯ ಪ್ರಭಾವವನ್ನೂ ವಿಶ್ಲೇಷಣೆಗೆ ಸೇರಿಸಿದರು. ಅಂತರಗಳನ್ನು ಯಾದೃಚ್ಛಿಕವಾಗಿ ಏರುಪೇರು ಮಾಡುವುದು ಬಲು ಜನಪ್ರಿಯ ಉಪಾಯ. ಆದರೆ ಅದು ಪ್ರತಿಕ್ರಿಯೆಗಳನ್ನು ಬಿಡಿಸಲು ನೆರವಾಗುತ್ತದೆಯೇ ಹೊರತು ಅರೇಖೀಯತೆಯನ್ನು ಅಳಿಸುವುದಿಲ್ಲ. ಎಲ್ಲ ಬಗೆಯ ಪ್ರಚೋದನೆಗಳಿಗೂ ಸಮಾನ ಪೂರ್ವಾಪರ ಕ್ರಮ ಒದಗಿಸಿದರೆ ಕುಂದು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಆಗಿ, ಹೋಲಿಕೆಯಾದರೂ ಉಳಿಯುತ್ತದೆ.