ಕೋಡಂಬಾಕ್ಕಂ ಹೊತ್ತ ಕನ್ನಡದ ಋಣ

ಚೆನ್ನೈ ಮಹಾನಗರದ ಕೋಡಂಬಾಕ್ಕಂ ಎಂಬ ಹೆಸರು ತಮಿಳು ಚಲನಚಿತ್ರರಂಗಕ್ಕೆ ಪರ್ಯಾಯನಾಮವಾಗಿಯೇ ಬಳಕೆಯಲ್ಲಿದೆ. ಇಲ್ಲಿಗೆ ಹೊಂದಿಕೊಂಡ ವಡಪಳನಿಯಲ್ಲಿ ತಿರುಗುವ ಭೂಗೋಳದ ಲಾಂಛನವನ್ನು ಹೊತ್ತ ಎ.ವಿ.ಎಂ. ಸಂಸ್ಥೆಯನ್ನು ಅರಿಯದವರು ವಿರಳ. ಆದರೆ ಈ ಸಂಸ್ಥೆ ಬೇರೂರಿದ ಕಾಲದಲ್ಲಿ ಮೈಸೂರಿನ ಒಂದು ನಾಟಕಮಂಡಳಿಯ ಪ್ರತಿಭೆ ಅದಕ್ಕೆ ಆಸರೆಯಾಗಿತ್ತೆಂಬುದನ್ನು ಇಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡ ಕುಟುಂಬಗಳೂ ಬಹುಮಟ್ಟಿಗೆ ಮರೆತಿವೆ.

ಆ ಮಂಡಳಿಯೇ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ. ಅದರ ಆಧಾರಸ್ತಂಭಗಳು ಆರ್. ನಾಗೇಂದ್ರರಾಯರು ಮತ್ತು ಎಂ.ವಿ. ಸುಬ್ಬಯ್ಯ ನಾಯ್ಡು ಅವರು. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದಲ್ಲಿ ನಾಯ್ಡು ಅವರು ಇಂದ್ರಜಿತುವಾಗಿ, ನಾಗೇಂದ್ರರಾಯರು ರಾವಣನಾಗಿ ಅಭಿನಯಿಸಿದ್ದರು. ಚಿತ್ರ ಯಶಸ್ವಿಯಾದರೂ ಕನ್ನಡದಲ್ಲಿ ವರ್ಷವರ್ಷವೂ ಚಿತ್ರ ತೆಗೆಯುವ ಬಂಡವಾಳವಾಗಲಿ ಸ್ಟುಡಿಯೋ ಆಗಲಿ ಇರಲಿಲ್ಲ. ಆ ಪ್ರಥಮ ಚಿತ್ರದ ಚಿತ್ರೀಕರಣವೇ ದೂರದ ಕೊಲ್ಹಾಪುರದಲ್ಲಿ ನಡೆದಿತ್ತು. ಕಲಾವಿದರು ಮತ್ತೆ ರಂಗಭೂಮಿಗೆ ಮರಳಬೇಕಾಯಿತು.

ಇತ್ತ ಕಾರೈಕುಡಿಯ ಎ.ವಿ. ಮೆಯ್ಯಪ್ಪನ್ (1907–1979) ಧ್ವನಿಮುದ್ರಿಕೆಗಳ ವ್ಯಾಪಾರದಿಂದ ಚಿತ್ರೋದ್ಯಮಕ್ಕೆ ಬಂದವರು. ‘ಅಲ್ಲಿ ಅರ್ಜುನಾ’, ‘ರತ್ನಾವಳಿ’ ಮೊದಲಾದ ಅವರ ಆರಂಭದ ಪ್ರಯತ್ನಗಳು ನಷ್ಟದಲ್ಲಿ ಮುಗಿದವು. ಸೋತವನು ಸಾಮಾನ್ಯವಾಗಿ ಹಳೆಯ ದಾರಿಗೇ ಅಂಟಿಕೊಳ್ಳುತ್ತಾನೆ. ಮೆಯ್ಯಪ್ಪನ್ನರು ಹಾಗೆ ಮಾಡಲಿಲ್ಲ. 1938ರ ‘ನಂದಕುಮಾರ್’ ಚಿತ್ರದಲ್ಲಿ ನಟಿಯೊಬ್ಬರ ಗಾಯನ ಮನಸ್ಸಿಗೆ ಒಪ್ಪದಿರಲು, ಲಲಿತಾ ವೆಂಕಟರಾಮನ್ ಎಂಬ ಗಾಯಕಿಯಿಂದ ಆ ಹಾಡುಗಳನ್ನು ಹಾಡಿಸಿ ಚಿತ್ರಕ್ಕೆ ಜೋಡಿಸಿದರು. ತಮಿಳು ಚಿತ್ರಗಳಲ್ಲಿ ಹಿನ್ನೆಲೆ ಗಾಯನದ ಆರಂಭವನ್ನು ಈ ಚಿತ್ರದಿಂದಲೇ ಗುರುತಿಸುವುದು ವಾಡಿಕೆ. ಧ್ವನಿಯನ್ನು ದೇಹದಿಂದ ಬೇರ್ಪಡಿಸಿ ಮತ್ತೆ ಕೂಡಿಸಬಹುದೆಂಬ ಈ ಅರಿವು ಮುಂದೆ ಆರೇ ವರ್ಷಗಳಲ್ಲಿ ಇನ್ನೊಂದು ದೊಡ್ಡ ಫಲವನ್ನು ಕೊಟ್ಟಿತು.

1940ರಲ್ಲಿ ಮೆಯ್ಯಪ್ಪನ್ನರು ತೆಲುಗಿನಲ್ಲಿ ‘ಭೂಕೈಲಾಸ್’ ನಿರ್ಮಿಸಿದರು. ಗೋಕರ್ಣದ ಆತ್ಮಲಿಂಗದ ಆ ಕಥೆ ಕನ್ನಡ ರಂಗಭೂಮಿಯಲ್ಲಿ ಸಾಹಿತ್ಯ ಸಾಮ್ರಾಜ್ಯ ಮಂಡಳಿಯಿಂದ ಪ್ರಸಿದ್ಧವಾಗಿತ್ತು. ನಾಟಕದೊಂದಿಗೆ ನಟರನ್ನೂ ಅವರು ಬರಮಾಡಿಕೊಂಡರು. ಸುಬ್ಬಯ್ಯ ನಾಯ್ಡು ರಾವಣರಾದರು, ನಾಗೇಂದ್ರರಾಯರು ನಾರದರಾದರು. ನಿರ್ದೇಶಕ ಸುಂದರರಾವ್ ನಾಡಕರ್ಣಿ ಅವರು ಮಂಗಳೂರಿನವರು. ತಮಿಳು ನಿರ್ಮಾಪಕ, ಕನ್ನಡ ನಟರು, ಕರಾವಳಿಯ ನಿರ್ದೇಶಕ, ತೆಲುಗು ಚಿತ್ರ! ಭಾಷಾವಾರು ಪ್ರಾಂತಗಳು ರೂಪುಗೊಳ್ಳುವ ಮೊದಲಿನ ಮದರಾಸಿನಲ್ಲಿ ಇದು ಯಾರಿಗೂ ವಿಚಿತ್ರವಾಗಿ ತೋರಲಿಲ್ಲ. ಚಿತ್ರ ಗೆದ್ದಿತು.

ಈ ಬಾಂಧವ್ಯದ ಫಲವಾಗಿ 1941ರಲ್ಲಿ ‘ವಸಂತಸೇನಾ’, 1943ರಲ್ಲಿ ನಾಗೇಂದ್ರರಾಯರ ನಿರ್ದೇಶನದ ‘ಸತ್ಯ ಹರಿಶ್ಚಂದ್ರ’ ಎಂಬ ಕನ್ನಡ ಚಿತ್ರಗಳು ಹೊರಬಂದವು. ಈ ಎರಡನೆಯದರಲ್ಲಿಯೇ ಚರಿತ್ರೆಯ ತಿರುವು ಅಡಗಿದೆ. ಅದು ದ್ವಿತೀಯ ಮಹಾಯುದ್ಧದ ಕಾಲ. ಕಚ್ಚಾ ಫಿಲ್ಮಿನ ಅಭಾವ ತೀವ್ರವಾಗಿತ್ತು. ಚಿತ್ರವೊಂದು 11,000 ಅಡಿಗಳನ್ನು ಮೀರಬಾರದೆಂದು ಸರ್ಕಾರವೇ ಮಿತಿ ವಿಧಿಸಿತ್ತು. ಅಂಥ ದಿನಗಳಲ್ಲಿ ಒಂದೇ ಕಥೆಯನ್ನು ಎರಡನೆಯ ಭಾಷೆಗಾಗಿ ಹೊಸದಾಗಿ ಚಿತ್ರೀಕರಿಸುವುದು ಎಷ್ಟು ದುಬಾರಿ ಎಂಬುದನ್ನು ವಿವರಿಸಬೇಕಾಗಿಲ್ಲ. ಕನ್ನಡ ಚಿತ್ರದ ಬಿಂಬವನ್ನು ಇದ್ದಂತೆಯೇ ಇಟ್ಟು, ಮಾತನ್ನು ಮಾತ್ರ ತಮಿಳಿಗೆ ತಿರುಗಿಸುವ ಯೋಜನೆಯನ್ನು ಮೆಯ್ಯಪ್ಪನ್ನರು ಕೈಗೊಂಡರು.

ಹೇಳಲು ಸುಲಭ, ಮಾಡಲು ಕಷ್ಟ. ತೆರೆಯ ಮೇಲೆ ನಟನ ತುಟಿ ಮುಚ್ಚುವಲ್ಲಿ ತಮಿಳು ಪದದಲ್ಲಿಯೂ ಪಕಾರವೋ ಮಕಾರವೋ ಬರಬೇಕು. ಬಾಯಿ ತೆರೆದಲ್ಲಿ ದೀರ್ಘಸ್ವರ ಸಿಗಬೇಕು. ವಾಕ್ಯ ಮುಗಿಯುವ ಹೊತ್ತಿಗೆ ಬಾಯಿಯೂ ನಿಲ್ಲಬೇಕು. ಅರ್ಥವೂ ಕೆಡಬಾರದು. ಕನ್ನಡ ತಮಿಳುಗಳು ಒಂದೇ ಕುಟುಂಬದ ಭಾಷೆಗಳಾಗಿ, ವಾಕ್ಯರಚನೆಯ ಕ್ರಮವೂ ಒಂದೇ ಆಗಿರುವುದು ಈ ಕಾರ್ಯಕ್ಕೆ ನೆರವಾಗಿರಲೇಬೇಕು. 1944ರಲ್ಲಿ ತೆರೆಕಂಡ ತಮಿಳು ‘ಹರಿಶ್ಚಂದ್ರ’ವು ಭಾರತದಲ್ಲಿ ಒಂದು ಭಾಷೆಯಿಂದ ಇನ್ನೊಂದಕ್ಕೆ ಡಬ್ ಆದ ಪ್ರಥಮ ಚಿತ್ರವೆಂದು ಚಿತ್ರಚರಿತ್ರೆಯಲ್ಲಿ ದಾಖಲಾಗಿದೆ. ಮೂಲ ಕನ್ನಡ, ಅನುಸರಣೆ ತಮಿಳು ಎಂಬ ಕ್ರಮವನ್ನು ಗಮನಿಸತಕ್ಕದ್ದು.

1945ರಲ್ಲಿ ತಮ್ಮ ಹೆಸರಿನ ಸಂಸ್ಥೆಯನ್ನು ಆರಂಭಿಸಿದಾಗ ಮದರಾಸಿನಲ್ಲಿ ಸ್ಟುಡಿಯೋಗೆ ಬೇಕಾದ ವಿದ್ಯುತ್ತು ದೊರೆಯಲಿಲ್ಲ. ಮೆಯ್ಯಪ್ಪನ್ನರು ಕಾದು ಕೂರದೆ ಕಾರೈಕುಡಿಯ ಬಳಿಯ ದೇವಕೋಟೈ ರಸ್ತಾದಲ್ಲಿಯೇ ಸ್ಟುಡಿಯೋ ಹೂಡಿದರು. 1948ರಲ್ಲಿ ಅದು ಕೋಡಂಬಾಕ್ಕಂ ಪ್ರದೇಶಕ್ಕೆ ಸ್ಥಳಾಂತರಗೊಂಡಿತು.

ನಾಯಕನು ಹೊಸತನ್ನು ತಾನೇ ಯೋಚಿಸಿದರೆ ಸಾಲದು, ಇತರರ ಹೊಸತಿಗೂ ಎಡೆ ಕೊಡಬೇಕಾಗುತ್ತದೆ; ಇದು ಹೆಚ್ಚು ಕಠಿಣ. 1952ರ ‘ಪರಾಶಕ್ತಿ’ಯ ಪ್ರಸಂಗ ಇದಕ್ಕೆ ನಿದರ್ಶನ. ನಾಯಕ ಪಾತ್ರಕ್ಕೆ ಆಯ್ಕೆಯಾದ ಶಿವಾಜಿ ಗಣೇಶನ್ ಎಂಬ ಹೊಸ ನಟನ ಬಗ್ಗೆ ಮೆಯ್ಯಪ್ಪನ್ನರಿಗೆ ಸಮಾಧಾನವಿರಲಿಲ್ಲ. ಸಹನಿರ್ಮಾಪಕ ಪಿ.ಎ. ಪೆರುಮಾಳ್ ಅವರು ಹಿಡಿದ ಪಟ್ಟು ಬಿಡಲಿಲ್ಲ. ಕೊನೆಗೆ ಮೆಯ್ಯಪ್ಪನ್ನರೇ ಒಪ್ಪಿಕೊಂಡರು. ಚಿತ್ರದ ಯಶಸ್ಸು ಸರ್ವವಿದಿತ. ಆ ನಟ ಕ್ಯಾಮೆರಾದ ಮುಂದೆ ಮೊದಲ ಮಾತನ್ನಾಡಿದ ಸ್ಥಳದಲ್ಲಿ ಎ.ವಿ.ಎಂ. ಆವರಣದೊಳಗೆ ಒಂದು ಸ್ಮಾರಕವನ್ನೇ ನಿಲ್ಲಿಸಲಾಯಿತು. ಯಜಮಾನನ ಅಭಿಪ್ರಾಯ ಮಣಿದ ಸ್ಥಳಕ್ಕೆ ಆ ಸಂಸ್ಥೆಯೇ ಸ್ಮಾರಕ ಕಟ್ಟಿಸಿದ್ದು ಅಪರೂಪದ ಸಂಗತಿ.

ಎರಡು ವರ್ಷಗಳ ಬಳಿಕ, 1954ರಲ್ಲಿ, ಗುಬ್ಬಿ ವೀರಣ್ಣನವರ ಗುಬ್ಬಿ ಕರ್ನಾಟಕ ಫಿಲಂಸ್ ಮತ್ತು ಎ.ವಿ.ಎಂ. ಸಹಯೋಗದಿಂದ ‘ಬೇಡರ ಕಣ್ಣಪ್ಪ’ ಬಂದಿತು. ನಿರ್ದೇಶಕರು ಎಚ್.ಎಲ್.ಎನ್. ಸಿಂಹ. ನಾಯಕನಾಗಿ ರಾಜಕುಮಾರ್, ಜೊತೆಗೆ ನರಸಿಂಹರಾಜು, ಜಿ.ವಿ. ಅಯ್ಯರ್: ಕನ್ನಡ ಚಿತ್ರರಂಗದ ಮುಂದಿನ ದಶಕಗಳೇ ಆ ಒಂದು ಚಿತ್ರದಿಂದ ಹೊರಟವೆಂದರೆ ಅತಿಶಯೋಕ್ತಿಯಲ್ಲ. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿ ರಂಗದ ಮೇಲೆ ಆನೆ ಕುದುರೆಗಳನ್ನು ತಂದ ಸಾಹಸಕ್ಕೆ ಹೆಸರಾಗಿತ್ತು. ಚಲನಚಿತ್ರವನ್ನು ಶತ್ರುವೆಂದು ಬಗೆಯದೆ ಅದರೊಡನೆ ಕೈಜೋಡಿಸಿದ್ದು ವೀರಣ್ಣನವರ ದೂರದೃಷ್ಟಿ. 1958ರಲ್ಲಿ ಎ.ವಿ.ಎಂ. ಮತ್ತೆ ‘ಭೂಕೈಲಾಸ’ವನ್ನು ಕೈಗೆತ್ತಿಕೊಂಡಾಗ ತೆಲುಗಿನಲ್ಲಿ ಎನ್.ಟಿ. ರಾಮರಾವ್, ಕನ್ನಡದಲ್ಲಿ ರಾಜಕುಮಾರ್ ರಾವಣರಾದರು. ಮೈಸೂರಿನ ಮಂಡಳಿಯ ನಾಟಕ ಹೀಗೆ ಎರಡನೆಯ ತಲೆಮಾರಿಗೂ ಅನ್ನವಿಕ್ಕಿತು.

ನೆರೆಯಲ್ಲಿಯೇ ಇದ್ದ ವಿಜಯ–ವಾಹಿನಿಯ ದಾರಿ ಬೇರೆ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ನಟರನ್ನೂ ತಂತ್ರಜ್ಞರನ್ನೂ ಮಾಸಿಕ ವೇತನದ ಮೇಲೆ ಇಟ್ಟುಕೊಂಡು, ಛಾಯಾಗ್ರಾಹಕ ಮಾರ್ಕಸ್ ಬಾರ್ಟ್‌ಲೆ ಅವರಂಥ ನಿಪುಣರಿಂದ 1957ರಲ್ಲಿ ‘ಮಾಯಾಬಜಾರ್’ನಂಥ ಅದ್ಭುತವನ್ನು ತೆರೆಗೆ ತಂದರು. ಇದೇ ಬಳಗದಿಂದ ಹೊರಟ ‘ಚಂದಮಾಮ’ ಕನ್ನಡದ ಮನೆಮನೆಯ ಮಕ್ಕಳನ್ನೂ ತಲಪಿತ್ತು. ಕಾಲಕ್ರಮದಲ್ಲಿ ಸ್ಟುಡಿಯೋದ ಗಾತ್ರವೇ ಭಾರವಾಗತೊಡಗಿತು. ನಾಗಿರೆಡ್ಡಿಯವರು 1972ರಲ್ಲಿ ವಿಜಯ ಆಸ್ಪತ್ರೆಯನ್ನು ಸ್ಥಾಪಿಸಿದರು. 2013ರ ವೇಳೆಗೆ ಆ ಭೂಮಿಯಲ್ಲಿ ವಾಣಿಜ್ಯ ಸಂಕೀರ್ಣವೂ ತಲೆಯೆತ್ತಿತು. ಇದನ್ನು ಸೋಲೆನ್ನುವವರಿದ್ದಾರೆ. ಆದರೆ ಚಿತ್ರನಿರ್ಮಾಣ ಲಾಭ ತರದ ಕಾಲದಲ್ಲಿ ಸಂಸ್ಥೆಯ ಸ್ವರೂಪವನ್ನೇ ಬದಲಿಸಿ ರೋಗಿಗಳ ಸೇವೆಗೆ ತಿರುಗಿಸಿದ್ದನ್ನು ಸೋಲೆನ್ನುವುದು ನ್ಯಾಯವಲ್ಲ.

ಸಂಸ್ಥೆಯೊಂದರ ನಿರಂತರತೆ ವ್ಯಕ್ತಿಯ ಸಾಮರ್ಥ್ಯಕ್ಕಿಂತ ವ್ಯವಸ್ಥೆಯನ್ನು ಹೆಚ್ಚಾಗಿ ಅವಲಂಬಿಸುತ್ತದೆ. ಎರಡು ತಿಂಗಳ ಪರ್ಯಾಯವನ್ನು ಎರಡು ವರ್ಷಗಳಿಗೆ ವಿಸ್ತರಿಸಿದ ಶ್ರೀ ವಾದಿರಾಜರ ಏರ್ಪಾಡನ್ನು ಬಲ್ಲ ಮಾಧ್ವಸಮಾಜಕ್ಕೆ ಇದು ಹೊಸ ವಿಷಯವೇನಲ್ಲ. 1979ರಲ್ಲಿ ಮೆಯ್ಯಪ್ಪನ್ನರು ತೀರಿಕೊಂಡಾಗ ಎ.ವಿ.ಎಂ. ನಿರ್ಮಾಣಕಾರ್ಯ ಮಂದಗತಿಯಲ್ಲಿತ್ತು. ಮರುವರ್ಷವೇ ಪುತ್ರರು ರಜನೀಕಾಂತ್ ಅಭಿನಯದ ‘ಮುರಟ್ಟು ಕಾಳೈ’ಯೊಂದಿಗೆ ಮರಳಿದರು, ಮುಂದೆ ಕಿರುತೆರೆಯ ಧಾರಾವಾಹಿಗಳಿಗೂ ಕೈಹಾಕಿದರು. 2007ರಲ್ಲಿ ‘ಶಿವಾಜಿ’ಯನ್ನು ತಂದವರೂ ಅವರೇ. 2023ರಲ್ಲಿ ಸ್ಟುಡಿಯೋ ಆವರಣದಲ್ಲಿ ಹಳೆಯ ಉಪಕರಣಗಳ ಸಂಗ್ರಹಾಲಯವೊಂದು ತೆರೆಯಿತು.

ಕನ್ನಡದ ಮಟ್ಟಿಗೆ ಈ ಕಥೆಗೆ ಇನ್ನೊಂದು ಮುಖವಿದೆ. ಕನ್ನಡ ಚಿತ್ರದಿಂದಲೇ ಹುಟ್ಟಿದ ಡಬ್ಬಿಂಗ್ ತಂತ್ರ ಕೆಲವೇ ವರ್ಷಗಳಲ್ಲಿ ಕನ್ನಡದ ಕಡೆಗೇ ತಿರುಗಿತು. ಅನ್ಯಭಾಷೆಯ ಚಿತ್ರಗಳು ಕನ್ನಡ ಮಾತಾಡುತ್ತ ಬರತೊಡಗಿದಾಗ ಇಲ್ಲಿನ ನಟರಿಗೂ ತಂತ್ರಜ್ಞರಿಗೂ ಕೆಲಸವಿಲ್ಲವಾಗುವ ಭೀತಿ ಎದುರಾಯಿತು. 1960ರ ದಶಕದ ಚಳವಳಿಯ ಫಲವಾಗಿ ಕರ್ನಾಟಕದಲ್ಲಿ ಡಬ್ಬಿಂಗ್ ನಿಂತುಹೋಯಿತು. ಯಾವ ಕಾನೂನೂ ಇಲ್ಲದೆ ಕೇವಲ ಉದ್ಯಮದ ಒಡಂಬಡಿಕೆಯಿಂದಲೇ ದಶಕಗಳ ಕಾಲ ಅದು ನಿಂತೇ ಇತ್ತು. ಸ್ವಂತ ಚಿತ್ರರಂಗ ಬೆಳೆಯಲು ಆ ತಡೆ ಆಗ ಅಗತ್ಯವಾಗಿತ್ತೆಂಬುದನ್ನು ಅಲ್ಲಗಳೆಯಲಾಗದು. ತಡೆಯ ನೆರಳಿನಲ್ಲಿ ಬೆಳೆದದ್ದು ಬಿಸಿಲಿಗೆ ಬಂದಾಗ ಬಾಡೀತೆಂಬ ಅಳುಕೂ ಜೊತೆಗೇ ಬೆಳೆಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಈ ನಿರ್ಬಂಧ ಸ್ಪರ್ಧೆಗೆ ವಿರುದ್ಧವೆಂದು ತೀರ್ಪಿತ್ತಿತು. ಮೂರೇ ವರ್ಷಗಳಲ್ಲಿ, 2018ರ ಡಿಸೆಂಬರಿನಲ್ಲಿ, ಕೋಲಾರದ ಚಿನ್ನದ ಗಣಿಯ ಹಿನ್ನೆಲೆಯ ‘ಕೆ.ಜಿ.ಎಫ್.’ ಎಂಬ ಕನ್ನಡ ಚಿತ್ರ ತಮಿಳು, ತೆಲುಗು, ಮಲಯಾಳಂ, ಹಿಂದಿ ಭಾಷೆಗಳಿಗೆ ಡಬ್ ಆಗಿ ಏಕಕಾಲದಲ್ಲಿ ತೆರೆಕಂಡಿತು. ‘ಹರಿಶ್ಚಂದ್ರ’ ತಮಿಳಿನಲ್ಲಿ ಮಾತಾಡಿ ಆಗ ಎಪ್ಪತ್ತನಾಲ್ಕು ವರ್ಷಗಳಾಗಿದ್ದವು.